ಭಾನುವಾರ ಸಕ್ರೆಬೈಲು

ಎಲ್ಲರಿಗೂ ನಮಸ್ಕಾರ. ಈ ಸಲದ ರಜೆಗೆ ಜೋಗ ಬೇಡ. ಗಾಡಿ ನಿಲ್ಲಿಸುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ನೆಂಟರು ಬಂದಾಗ ಮಾತ್ರ ನಮಗೆ ಸಕ್ರೆಬೈಲು ಆನೆ ಬಿಡಾರ ನೆನಪಾಗುವುದು, ಅಲ್ವಾ? ಭಾನುವಾರ ನಮಗೋಸ್ಕರ ಹೋಗೋಣ. ಶಿವಮೊಗ್ಗದಿಂದ ಸುಮಾರು 14 ಕಿ.ಮೀ. ಅಷ್ಟೇ.

ಆನೆಗಳ ಸ್ನಾನ ಬೆಳಿಗ್ಗೆಯೇ. ತುಂಗೆಯ ಹಿನ್ನೀರಿನಲ್ಲಿ ಆನೆ ಮಗ್ಗುಲಾಗಿ ಮಲಗುತ್ತದೆ, ಮಾವುತ ಮೇಲೆ ಹತ್ತಿ ಕಿವಿಯ ಹಿಂದೆ ಗಸಗಸ ಉಜ್ಜುತ್ತಾನೆ. ಆಗಾಗ ಸೊಂಡಿಲು ಮಾತ್ರ ಮೇಲೇಳುತ್ತದೆ. ಇದನ್ನು ನೋಡಬೇಕಾದರೆ ತಡ ಮಾಡುವಂತಿಲ್ಲ. ಏಳೂವರೆಗೆ ಬಸ್ ನಿಲ್ದಾಣದ ಹತ್ತಿರ ಸೇರೋಣ.

ಆಮೇಲೆ ಅದೇ ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆ. ಮಳೆಗಾಲದಲ್ಲಿ ಹೊಳೆ ನಡುವಿನ ಮರಗಳ ತುಂಬ ಬೆಳ್ಳಕ್ಕಿ ಗೂಡು. ದುರ್ಬೀನು ಇದ್ದವರು ತನ್ನಿ. ಮಕ್ಕಳು ನೀರಿಗೆ ಇಳಿಯುವುದು ಬೇಡ.

ಬುತ್ತಿ ಅವರವರದೇ. ಅಕ್ಕಿ ರೊಟ್ಟಿ ತರುವವರು ಸ್ವಲ್ಪ ಜಾಸ್ತಿಯೇ ತನ್ನಿ! ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ.