ನಿನ್ನ ಪುಸ್ತಕಕ್ಕೆ ಪಿನ್ನು ಹೊಡೆದೆ

ಪ್ರೀತಿಯ ದೋಸ್ತ,

ಫೋನಿನಲ್ಲೇ ಹೇಳಬಹುದಿತ್ತು. ಮೂರು ಸಲ ನಿನ್ನ ನಂಬರ್ ಒತ್ತಿ ಕಟ್ ಮಾಡಿದೆ. ನಿನ್ನ ದನಿ ಕೇಳಿದರೆ ಹೇಳೋದು ಬಿಟ್ಟು ಬೇರೇನೋ ಮಾತಾಡಿಬಿಡ್ತೀನಿ. ಅದಕ್ಕೇ ಪತ್ರ. ಎಲ್ಲರೂ ಓದುವ ಕಡೆ ಹಾಕಿದ್ದೀನಿ, ಯಾಕಂದ್ರೆ ನಮ್ಮ ವಾರಿಗೆಯವರ ಮನೆಗಳಲ್ಲೆಲ್ಲ ಈಗ ಹದಿನೈದು, ಹದಿನಾರರ ಮಕ್ಕಳಿದ್ದಾರೆ.

ಪಿಯುಸಿ ಮುಗಿದ ವರ್ಷ ನೀನು ಕೊಟ್ಟಿದ್ದ ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ' ನಾಟಕ ನೆನಪಿದೆಯಲ್ಲ? ಅದಕ್ಕೆ ನಾನು ಸ್ಟೇಪ್ಲರ್ ಪಿನ್ನು ಹೊಡೆದೆ. ನಾಲ್ಕು ಪಿನ್ನು. ಕ್ಷಮಿಸು.

ಹಳೇ ಬಾಗಲಕೋಟೆಯ ಮನೆ ಆಲಮಟ್ಟಿ ಹಿನ್ನೀರಿಗೆ ಹೋಗುವಾಗ ಬಿಟ್ಟು ಬಂದದ್ದು ಎಷ್ಟೋ. ಅವ್ವನ ಒಳಕಲ್ಲೂ ಅಲ್ಲೇ ಉಳಿಯಿತು. ಆ ಪುಸ್ತಕ ಮಾತ್ರ ಟ್ರಂಕಿನಲ್ಲಿ ಕೂತು ನವನಗರಕ್ಕೆ ಬಂತು. ಮೊದಲ ಪುಟದಲ್ಲಿ ನಿನ್ನ ಸಹಿ, ಕೆಳಗೆ 'ನೀಲಿ ಕೊಡೆಯವನಿಗೆ' ಅಂತ ಇದೆ. ಮಗಳು ಅದರ ಅರ್ಥ ಕೇಳಿದಳು. ನಾನು ಹೇಳಿಲ್ಲ.

ಗಣಪತಿ ರಜೆಯಲ್ಲಿ ಅವಳೇ ಟ್ರಂಕು ತೆಗೆದದ್ದು. ಈಗ ಫಸ್ಟ್ ಪಿಯುಸಿ. ಸಿಕ್ಕಿದ್ದೆಲ್ಲ ಓದುವ ಹುಡುಗಿ. "ಅಪ್ಪಾ, ಇದನ್ನ ಓದ್ಲೇನು?" ಅಂತ ಕೇಳಿದಳು. ನಾಳೆ ಕೊಡ್ತೀನಿ ಅಂದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕೂತು ಓದಿದೆ. ಮಕ್ಕಳಿಲ್ಲದ ಗೌಡತಿ, ಅವಳು ಕೂಡುವ ರೈತ ಬಸಣ್ಣ, ಮಗುವಿನ ಆಸೆಯಿಂದ ಅವಳು ಮಾಡಿದ ಪಡವಲಕಾಯಿ ಪಲ್ಲೆ. ಎಲ್ಲ ನೆನಪಿತ್ತು ಅಂದುಕೊಂಡಿದ್ದೆ. ಆದರೆ ಈ ಸಲ ಒಂದೊಂದು ಸಾಲನ್ನೂ ಮಗಳ ಅಪ್ಪನಾಗಿ ಓದಿದೆ. ಕೈ ತಣ್ಣಗಾಯಿತು. ಆಫೀಸಿನ ಬ್ಯಾಗಿನಿಂದ ಸ್ಟೇಪ್ಲರ್ ತಂದು ಎರಡು ಕಡೆ ಪುಟ ಸೇರಿಸಿ ಹೊಡೆದೆ. ಬೆಳಿಗ್ಗೆ ಏನೂ ಆಗದವರ ಹಾಗೆ ಕೊಟ್ಟೆ.

ಎರಡು ದಿನ ಬಿಟ್ಟು ನನ್ನ ಕನ್ನಡಕದ ಪಕ್ಕ ಒಂದು ಬಾಟಲಿ ಮುಚ್ಚಳ ಇತ್ತು. ಅದರೊಳಗೆ ನಾಲ್ಕು ಪಿನ್ನು. ಉಗುರಿನಿಂದ ಮೆಲ್ಲಗೆ ಬಿಡಿಸಿದ್ದಳು. ಕಾಗದ ಹಳೆಯದಲ್ವಾ, ಒಂದು ಕಡೆ ಸ್ವಲ್ಪ ಹರಿದಿತ್ತು. ಅಲ್ಲಿಗೆ ಸೆಲೋಟೇಪ್ ಹಚ್ಚಿದ್ದಳು. ನಾನು ಮಾಡಿದ ತೂತಿಗೆ ಅವಳು ತೇಪೆ ಹಾಕಿದ್ದಳು, ದೋಸ್ತ. ಜಗಳ ಮಾಡಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಸಂಜೆ ಅವಳೇ ಮಾತು ತೆಗೆದಳು. "ಅಪ್ಪಾ, ಇದು ಹೊಲದ ಕಥಿ. ಹೊಲ ಗೌಡಂದೋ, ಉಳೋನ್ದೋ ಅಂತ ಕೇಳತೈತಿ. ಆ ಪುಟ ಬಿಟ್ಟು ಓದಿದ್ರ ಅದು ತಿಳಿಯೋದ ಇಲ್ಲ."

ನಾನು ಹಾಸಿಗೆ ಒಂದನ್ನೇ ನೋಡಿದ್ದೆ. ಅವಳು ಹೊಲ ನೋಡಿದ್ದಳು.

ಅದೇ ವಾರ ಓಣಿಗೆ ಜೋಕುಮಾರ ಬಂದ. ಬುಟ್ಟಿಯಲ್ಲಿ ಬೇವಿನ ತಪ್ಪಲು, ನಡುವೆ ಮಣ್ಣಿನ ಮೂರ್ತಿ, ತುಟಿಗೆ ಬೆಣ್ಣೆ. ಹೆಣ್ಣುಮಕ್ಕಳು ಬುಟ್ಟಿ ಇಳಿಸಿ ಹಾಡು ಶುರು ಮಾಡಿದರು. ಅವನ ಹೆಣ್ಣಿನ ಚಾಳಿ ಎಂಥದ್ದು ಅಂತ ಆ ಹಾಡುಗಳು ಏನನ್ನೂ ಮುಚ್ಚಿಡುವುದಿಲ್ಲ, ನಿನಗೆ ಗೊತ್ತಲ್ಲ. ನಮ್ಮಾಕಿ ಮೊರದಲ್ಲಿ ಜೋಳ ತಂದು ಹಾಕಿದಳು. ಅವ್ವ ಬಾಗಿಲಿಗೆ ಒರಗಿ ದನಿಗೂಡಿಸಿದಳು. ಪಕ್ಕದಲ್ಲಿ ಮಗಳು. ಯಾರೂ ಅವಳನ್ನು ಒಳಗೆ ಕಳಿಸಲಿಲ್ಲ. ನನಗೂ ಅನಿಸಲಿಲ್ಲ. ಕಂಬಾರರು ಬೆಳಗಾವಿ ಜಿಲ್ಲೆಯ ಘೋಡಗೇರಿಯವರು. 1972ರ ಆ ನಾಟಕ ಹುಟ್ಟಿದ್ದೂ ಈ ಬುಟ್ಟಿಯ ದೇವರ ಆಚರಣೆಯಿಂದಲೇ. ಬುಟ್ಟಿಯಲ್ಲಿ ಬಂದರೆ ಜೋಳ ಹಾಕಿ ಕೈ ಮುಗಿದೆವು. ಪುಸ್ತಕದಲ್ಲಿ ಬಂದಾಗ ನಾನು ಪಿನ್ನು ಹೊಡೆದೆ.

ಹೆದರಿಕೆಯೇ ಸುಳ್ಳು ಅಂತ ಹೇಳ್ತಿಲ್ಲ. ಸಿನಿಮಾಕ್ಕಾದರೆ ಸೆನ್ಸಾರ್‌ನವರ ಮುದ್ರೆ ಇರುತ್ತದೆ. ಸಿನಿಮಾ ಕಾಯ್ದೆಗೆ 2023ರ ತಿದ್ದುಪಡಿ ಬಂದ ಮೇಲೆ, ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬಹುದು ಅನ್ನುವ ಯುಎ ಮುದ್ರೆಯ ಒಳಗೇ 7, 13, 16 ಅಂತ ವಯಸ್ಸಿನ ಭಾಗ ಮಾಡಿದ್ದಾರೆ. ಪುಸ್ತಕಕ್ಕೆ ಅಂಥ ಮುದ್ರೆ ಇಲ್ಲ, ಮನೆಯವರೇ ನೋಡಬೇಕು. ನೋಡೋದು ಅಂದರೆ ಏನು ಅನ್ನೋದರಲ್ಲೇ ನಾನು ಎಡವಿದ್ದು. ಮೊನ್ನೆ ಅವಳು ಫೋನಿನಲ್ಲಿ ಓದುವ ಧಾರಾವಾಹಿ ಕಥೆಗಳನ್ನೂ ಕೇಳಿ, ಅವಳ ಎದುರಿಗೇ ಓದಿದೆ. ಒಂದರಲ್ಲಿ ಹುಡುಗಿ ಬೇಡ ಅಂತಾಳೆ, ಹುಡುಗ ಕೈ ಹಿಡಿದು ಎಳೀತಾನೆ, ಕೊನೆಗೆ ಅದೇ ಪ್ರೀತಿ ಆಗುತ್ತೆ. ಕೆಟ್ಟ ಮಾತು ಒಂದೂ ಇಲ್ಲ. ಕಂಬಾರರಿಗಿಂತ ನನಗೆ ಇದೇ ಜಾಸ್ತಿ ಭಯ ಹುಟ್ಟಿಸಿತು. "ಇದು ನಿನಗೆ ಸರಿ ಅನಿಸ್ತಾ?" ಅಂತ ಕೇಳಿದೆ. "ಇಲ್ಲಪಾ, ಸಿಟ್ಟು ಬಂತು. ಆದ್ರ ನಮ್ಮ ಕ್ಲಾಸಿನ್ಯಾಗ ಎಲ್ಲಾರಿಗೂ ಅವನೇ ಹೀರೊ" ಅಂದಳು. ಅರ್ಧ ತಾಸು ಮಾತಾಡಿದೆವು. ಅವಳ ಜೊತೆ ಇಂಥ ಮಾತು ಆಡಿದ್ದು ಅದೇ ಮೊದಲು.

ನಮ್ಮ ಜೊತೆ ಯಾರು ಆಡಿದರು ಹೇಳು? ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಪಿನ್ನು ಹೊಡೆದು ಮುಚ್ಚಿಟ್ಟ ಹಳದಿ ಪುಸ್ತಕಗಳೇ ನಮಗೆ ಮಾಸ್ತರು. ಹೆಂಗಸು ಬೇಡ ಅಂದರೆ ಅದು ನಾಚಿಕೆ ಅಂತ ನಾನು ಕಲಿತದ್ದು ಅಲ್ಲೇ. ಮದುವೆಯಾದಾಗ ನನಗೆ ಗೊತ್ತಿದ್ದದ್ದೂ ಅಷ್ಟೇ. ಆ ವರ್ಷ ಪಂಚಮಿಗೆ ತವರಿಗೆ ಹೋದಾಕಿ ದೀಪಾವಳಿವರೆಗೂ ಬರಲಿಲ್ಲ. ಅವರ ಅವ್ವನಿಗೆ ಆರಾಮಿಲ್ಲ ಅಂತ ಎಲ್ಲರಿಗೂ ಹೇಳಿದ್ದೆ, ನಿನಗೂ. ಅವರ ಅವ್ವ ಆರಾಮಾಗೇ ಇದ್ದರು.

ಇದನ್ನು ಬರೆಯಬೇಕು ಅಂತ ಕೂತಿರಲಿಲ್ಲ. ಬರೆದ ಮೇಲೆ ನಮ್ಮಾಕಿಗೆ ತೋರಿಸಿದೆ. ಎರಡು ಸಲ ಓದಿದಳು. "ಇರ್ಲಿ ಬಿಡ್ರಿ, ಅಳಸಬ್ಯಾಡ್ರಿ" ಅಂದು ಒಲೆ ಕಡೆ ಹೋದಳು.

ಸಾಕು ಇನ್ನು. ಅಮೀನಗಡದ ಕರದಂಟು ಒಂದು ಕಿಲೋ ಕಟ್ಟಿಸಿ ಇಟ್ಟಿದ್ದೀನಿ, ತಿಂಗಳ ಕಡೆ ವಾರ ಬರುವ ನಿನ್ನ ತಮ್ಮನ ಕೈಲಿ ಕಳಿಸ್ತೀನಿ. ಅವನು ದಾರಿಯಲ್ಲಿ ತಿನ್ನದ ಹಾಗೆ ನೀನೇ ಹೇಳು. ಕಾಮಣ್ಣನ ಹುಣ್ಣಿಮೆಗಂತೂ ಬರಲೇಬೇಕು, ಹಲಗಿ ಈಗಲೇ ಹೇಳಿಟ್ಟಿದ್ದೀನಿ. ಮಗಳೂ ಕಾಯ್ತಿದ್ದಾಳೆ. ನೀಲಿ ಕೊಡೆ ವಿಷಯ ನಿನ್ನನ್ನೇ ಕೇಳ್ತಾಳಂತೆ. ಹೇಳಬೇಕು ಅನಿಸಿದರೆ ಪೂರ್ತಿ ಹೇಳಿಬಿಡು.

ನಿನ್ನ,
ನವನಗರದ ದೋಸ್ತ