ಚೊಚ್ಚಲ ಹೆರಿಗೆಯ ನಡುವೆ ನಮ್ಮನ್ನು ಆಸ್ಪತ್ರೆಗೆ ಕಳುಹಿಸಿದ ರೀತಿಯ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಹೆರಿಗೆ ಕೇಂದ್ರ

ಮಾನ್ಯರೇ,

ಮೂರು ವಾರದ ಹಿಂದೆ ಚೊಚ್ಚಲ ಹೆರಿಗೆಗೆ ನಿಮ್ಮಲ್ಲಿಗೆ ಬಂದಿದ್ದೆ. ಮಗು ಹುಟ್ಟಿದ್ದು ಆಸ್ಪತ್ರೆಯಲ್ಲಿ. ಇಬ್ಬರೂ ಚೆನ್ನಾಗಿದ್ದೇವೆ. ಆಸ್ಪತ್ರೆಗೆ ಕಳುಹಿಸಿದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಹಾಗಾಗಬಹುದು ಅಂತ ಮೊದಲೇ ಸರಿಯಾಗಿ ಹೇಳಲಿಲ್ಲ, ಕಳುಹಿಸುವಾಗ ಜೊತೆಗೆ ಯಾರೂ ಬರಲಿಲ್ಲ. ನನ್ನ ದೂರು ಇದು.

ಹೆಸರು ಬರೆಸುವಾಗಲೇ ಕೇಳಿದ್ದೆ, ಮಧ್ಯದಲ್ಲಿ ಆಸ್ಪತ್ರೆಗೆ ಹೋಗಬೇಕಾದರೆ ಏನು ಮಾಡುತ್ತೀರಿ ಅಂತ. "ಅದು ತುಂಬಾ ಅಪರೂಪ, ಸುಮ್ನೆ ಚಿಂತೆ ಮಾಡಬೇಡಿ" ಅಂದರು. ನಂಬಿದೆ. ಈಗ ಮಗು ಮಲಗಿದಾಗಲೆಲ್ಲ ಇದರ ಬಗ್ಗೆ ಓದುತ್ತಿದ್ದೇನೆ. ಇಂಗ್ಲೆಂಡ್‌ನಲ್ಲಿ 2011ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಗಿದೆ. ನಿಮ್ಮದರಂತೆ ಮಿಡ್‌ವೈಫ್‌ಗಳು (ಹೆರಿಗೆ ಮಾಡಿಸಲು ತರಬೇತಿ ಪಡೆದವರು) ನಡೆಸುವ ಕೇಂದ್ರಗಳಲ್ಲಿ ಹೆರಿಗೆ ಬಯಸಿದ ಚೊಚ್ಚಲ ಬಸುರಿಯರಲ್ಲಿ 100ಕ್ಕೆ 36ರಿಂದ 40 ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಗಿತ್ತು. ಮೊದಲೇ ಹೆತ್ತವರಲ್ಲಿ ಇದು 10ರ ಆಸುಪಾಸು. ಹೆರಿಗೆ ನಿಧಾನವಾಗುವುದೇ ಇದಕ್ಕೆ ಹೆಚ್ಚಾಗಿ ಕಾರಣ. ಹಾಗಂತ ಇಂಥ ಕೇಂದ್ರಗಳಲ್ಲಿ ಮಗುವಿಗೆ ಅಪಾಯ ಜಾಸ್ತಿ ಅಂತ ಆ ಅಧ್ಯಯನ ಹೇಳಲಿಲ್ಲ. ಇದು ಗೊತ್ತಿದ್ದರೂ ನಾನು ನಿಮ್ಮಲ್ಲಿಗೇ ಬರುತ್ತಿದ್ದೆ. ಆದರೆ ಮನಸ್ಸು ಗಟ್ಟಿ ಮಾಡಿಕೊಂಡು ಬರುತ್ತಿದ್ದೆ.

ನಿಮ್ಮ ಮಿಡ್‌ವೈಫ್ ಬಗ್ಗೆ ಒಂದು ಮಾತು ಹೇಳಲೇಬೇಕು. ಇಡೀ ರಾತ್ರಿ ಅವರು ನನ್ನ ಪಕ್ಕದಲ್ಲೇ ಇದ್ದರು. ಓಡಾಡಲು ಬಿಟ್ಟರು, ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಕೂರಿಸಿದರು, ನೋವು ಬಂದಾಗ ಸೊಂಟ ಒತ್ತಿದರು. ಸ್ವಲ್ಪ ಹೊತ್ತಿಗೊಮ್ಮೆ ಕೈಲಿ ಹಿಡಿಯುವ ಡಾಪ್ಲರ್‌ನಿಂದ ಮಗುವಿನ ಎದೆಬಡಿತ ಕೇಳಿಸಿ, "ನೋಡಿ, ಚೆನ್ನಾಗಿದೆ" ಅನ್ನುತ್ತಿದ್ದರು. ಆ ಒಂದು ಮಾತಿಗೆ ಮುಂದಿನ ನೋವು ತಡೆಯುವ ಶಕ್ತಿ ಬರುತ್ತಿತ್ತು.

ಬೆಳಗಿನ ಜಾವ ಗರ್ಭಕೋಶದ ಬಾಯಿ 7 ಸೆಂಟಿಮೀಟರ್‌ಗೆ ಬಂದು ನಿಂತುಬಿಟ್ಟಿತು. ನಾಲ್ಕು ಗಂಟೆ ಕಾದರೂ ಮುಂದೆ ಹೋಗಲಿಲ್ಲ. ಹೆರಿಗೆ ಮುಂದೆ ಸಾಗಲು ನೋವು ಹೆಚ್ಚಿಸುವ ಡ್ರಿಪ್ ನಿಮ್ಮಲ್ಲಿ ಕೊಡುವುದಿಲ್ಲ, ನೋವು ಗೊತ್ತಾಗದಂತೆ ಬೆನ್ನಿಗೆ ಕೊಡುವ ಎಪಿಡ್ಯೂರಲ್ ಮದ್ದು ಕೂಡ ಇಲ್ಲ. ಹೋಗಲೇಬೇಕಿತ್ತು, ಒಪ್ಪುತ್ತೇನೆ. ಅಷ್ಟರಲ್ಲಿ ಪಾಳಿ ಬದಲಾಯಿತು. ಹೊಸದಾಗಿ ಬಂದವರು ತಮ್ಮ ಹೆಸರನ್ನೂ ಹೇಳದೆ ನಮ್ಮನ್ನು ಆಂಬುಲೆನ್ಸ್ ಹತ್ತಿಸಿ ಒಳಗೆ ಹೋದರು.

ಆಸ್ಪತ್ರೆಯವರಿಗೆ ನಾವು ಬರುವುದೇ ಗೊತ್ತಿರಲಿಲ್ಲ. ನೀವು ಫೋನ್ ಮಾಡಿರಲಿಲ್ಲ, ರಾತ್ರಿಯ ದಾಖಲೆಯನ್ನೂ ಕಳುಹಿಸಿರಲಿಲ್ಲ. ನೀರು ಒಡೆದದ್ದು ಎಷ್ಟು ಹೊತ್ತಿಗೆ ಅಂತ ಮತ್ತೆ ಮತ್ತೆ ಕೇಳಿದರು. ನೀರು ಹೋಗಿ ಹೊತ್ತಾದಷ್ಟೂ ಸೋಂಕಿನ ಭಯ ಜಾಸ್ತಿ, ಅವರು ಕೇಳಿದ್ದು ಸರಿಯೇ. ಆದರೆ ಎರಡು ನೋವಿನ ನಡುವೆ ನಾನು ಗಡಿಯಾರದ ಲೆಕ್ಕ ಹೇಳಬೇಕಿತ್ತಾ? ನನ್ನ ಗಂಡ ನೆನಪಿದ್ದಷ್ಟು ಹೇಳಿದರು. ಅವರ ಧ್ವನಿ ನಡುಗುತ್ತಿತ್ತು.

ಮಗು ಕೈಗೆ ಬಂದ ಮೇಲೂ ಎಷ್ಟೋ ದಿನ ನಾನೇ ಏನೋ ತಪ್ಪು ಮಾಡಿದೆ ಅನ್ನಿಸುತ್ತಿತ್ತು. "ಅಪರೂಪ" ಅಂದಿದ್ದು ನನಗೇ ಆಯಿತಲ್ಲ ಅಂತ. ನಿಮ್ಮ ಕಡೆಯಿಂದ ಒಂದು ಫೋನ್ ಕೂಡ ಬರಲಿಲ್ಲ.

ಆ ರಾತ್ರಿಯ ಪೂರ್ತಿ ದಾಖಲೆಯ ಪ್ರತಿ ನನಗೆ ಬೇಕು. ರಾತ್ರಿ ಜೊತೆಗಿದ್ದ ಮಿಡ್‌ವೈಫ್ ಜೊತೆ ಕೂತು ಮಾತಾಡಲು ಒಂದು ದಿನ ಗೊತ್ತು ಮಾಡಿ. ನಿಮ್ಮಲ್ಲಿಗೆ ಬಂದ ಚೊಚ್ಚಲ ಬಸುರಿಯರಲ್ಲಿ ಎಷ್ಟು ಮಂದಿಯನ್ನು ಆಸ್ಪತ್ರೆಗೆ ಕಳುಹಿಸಿದ್ದೀರಿ ಎಂಬ ಲೆಕ್ಕವನ್ನು ಹೆಸರು ಬರೆಸುವ ದಿನವೇ ಎಲ್ಲರಿಗೂ ಹೇಳಿ. ಇನ್ನು ಮುಂದೆ ಯಾರನ್ನೇ ಕಳುಹಿಸಿದರೂ ಆಸ್ಪತ್ರೆಗೆ ಮೊದಲೇ ಫೋನ್ ಹೋಗಲಿ, ಕಾಗದಪತ್ರ ಹಿಡಿದು ನಿಮ್ಮವರೊಬ್ಬರು ಜೊತೆಗೆ ಹೋಗಲಿ.

ಹದಿನೈದು ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ.

ಇಂತಿ,
ನಿಮ್ಮಲ್ಲಿ ಹೆಸರು ಬರೆಸಿದ್ದ ಒಬ್ಬ ತಾಯಿ