ಕಲಬುರಗಿಯ ಸೂರಿಗೆ ಜಕ್ಕೂರಿನ ಬಣ್ಣ: ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಬೇಸಿಗೆ ಬಂತೆಂದರೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವ ಆದೇಶ ಹೊರಡುತ್ತದೆ. ಆ ಹೊತ್ತಿನ ನಂತರ ಕೂತು ಕೆಲಸ ಮಾಡುವುದು ಕಷ್ಟವೆಂದು ಸರ್ಕಾರವೇ ಒಪ್ಪಿದಂತಾಯಿತು. ತಗಡಿನ ಸೂರಿನ ಕೆಳಗೆ ಸಂಸಾರ ಹೂಡಿದವರಿಗೆ ಮಾತ್ರ ಅಂಥ ಆದೇಶದಿಂದ ಏನೂ ಪ್ರಯೋಜನವಿಲ್ಲ. ದಪ್ಪ ಮಣ್ಣಿನ ಮಾಳಿಗೆಗಳು ಹೋಗಿ ತಗಡು, ಕಾಂಕ್ರೀಟು ಬಂದ ಮೇಲೆ ನಮ್ಮ ಮನೆಗಳು ಬಿಸಿಲನ್ನು ತಡೆಯುವ ಶಕ್ತಿಯನ್ನೇ ಕಳೆದುಕೊಂಡಿವೆ.

ಇದಕ್ಕೊಂದು ಉತ್ತರ ಬೆಂಗಳೂರಿನ ಜಕ್ಕೂರಿನಲ್ಲೇ ಇದೆ. ಅಲ್ಲಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಮೆಗ್ನೀಷಿಯಂ ಆಕ್ಸೈಡ್‌ನ ನ್ಯಾನೊ ಕಣಗಳನ್ನು ಪಿವಿಡಿಎಫ್ ಎಂಬ ಪಾಲಿಮರ್‌ನಲ್ಲಿ ಬೆರೆಸಿ ಒಂದು ತಂಪು ಬಣ್ಣವನ್ನು ಸಿದ್ಧಪಡಿಸಿದ್ದಾರೆ. ಬಿದ್ದ ಬಿಸಿಲಿನಲ್ಲಿ ಶೇ 96.3ರಷ್ಟನ್ನು ಅದು ಹಿಂದಿರುಗಿಸುತ್ತದೆ. ಉಳಿದ ಕಾವನ್ನು 8ರಿಂದ 13 ಮೈಕ್ರೊಮೀಟರ್ ಅಲೆಯುದ್ದದ ಅತಿಗೆಂಪು ಕಿರಣವಾಗಿ, ವಾತಾವರಣ ಹೆಚ್ಚು ತಡೆಯದೆ ಹೊರಬಿಡುವ ಈ ಅಲೆಯುದ್ದಗಳ ‘ಕಿಂಡಿ’ಯ ಮೂಲಕ, ಬಾಹ್ಯಾಕಾಶದತ್ತ ಹೊರಹಾಕುತ್ತದೆ. ವಿದ್ಯುತ್ತಿನ ಹಂಗಿಲ್ಲ. ಪೇಟೆಯ ಬಿಳಿ ಬಣ್ಣಗಳಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ನೇರಳಾತೀತ ಕಿರಣಗಳನ್ನು ಹೀರಿಕೊಳ್ಳುವುದರಿಂದ ಅವು ಈ ಮಟ್ಟವನ್ನು ಮುಟ್ಟುವುದು ಕಷ್ಟ.

ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆ ಕಿಂಡಿ ಅರ್ಧ ಮುಚ್ಚಿದ ಹಾಗೆ. ಆದ್ದರಿಂದ ಮಂಗಳೂರಿಗಿಂತ ಏಪ್ರಿಲ್‌ನ ಒಣ ಆಕಾಶದ ಕೆಳಗಿರುವ ರಾಯಚೂರು, ಕಲಬುರಗಿಗಳಲ್ಲಿ ಇಂಥ ಬಣ್ಣದ ಫಲ ಹೆಚ್ಚು. ಆದರೆ ಇದೇ ಸೀಮೆಯ ಧೂಳು ಒಂದೇ ಬೇಸಿಗೆಯಲ್ಲಿ ಬಿಳುಪನ್ನು ಮಬ್ಬಾಗಿಸಬಲ್ಲದು. ಪ್ರಯೋಗಾಲಯದ ಅಂಕಿ ಚಾವಣಿಯ ಮೇಲೆ ಎಷ್ಟು ದಿನ ಉಳಿಯುತ್ತದೆಂಬುದನ್ನು ಚಾವಣಿಯ ಮೇಲೆಯೇ ಅಳೆಯಬೇಕು.

ಇನ್ನೊಂದು ಸಂಗತಿಯನ್ನೂ ನಿಮ್ಮ ಗಮನಕ್ಕೆ ತರಬಯಸುತ್ತೇನೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ತಂಡವು 2020ರಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟ್ ಬೆರೆಸಿದ ಅಕ್ರಿಲಿಕ್ ಬಣ್ಣದಿಂದ ಶೇ 95.5ರಷ್ಟು ಬಿಸಿಲನ್ನು ಹಿಂದಿರುಗಿಸಿ ತೋರಿಸಿತು. ಕ್ಯಾಲ್ಸಿಯಂ ಕಾರ್ಬೋನೇಟ್ ಎಂದರೆ ಸುಣ್ಣದ ಕಲ್ಲಿನ ಮೂಲವಸ್ತು. ಸೇಡಂ, ಶಹಾಬಾದ್, ಚಿತ್ತಾಪುರಗಳ ನೆಲದಲ್ಲಿ ಸಿಮೆಂಟ್ ಕಾರ್ಖಾನೆಗಳು ಅಗೆಯುತ್ತಿರುವುದೂ ಅದನ್ನೇ. ಇಲ್ಲಿನ ಕಲ್ಲನ್ನು ಬೇಕಾದ ಶುದ್ಧತೆಗೂ ಬೇರೆ ಬೇರೆ ಗಾತ್ರದ ನಯವಾದ ಕಣಗಳಿಗೂ ತರಲು ಸಾಧ್ಯವೇ ಎಂಬುದು ನಮ್ಮ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕಾದ ಪ್ರಶ್ನೆ. ಪಿವಿಡಿಎಫ್ ಫ್ಲೋರಿನ್ ಇರುವ ಪಾಲಿಮರ್. ಅದು ಹಳತಾಗಿ ಉದುರಿದಾಗ ಚಾವಣಿಯ ಮಳೆನೀರಿಗೆ ಏನು ಸೇರುತ್ತದೆ ಎಂದು ತಿಳಿಯುವ ಮೊದಲೇ ಪರಿಸರಸ್ನೇಹಿ ಎಂಬ ಮುದ್ರೆ ಒತ್ತುವುದು ಅವಸರದ ಕೆಲಸ. ಈ ಕಾರಣಕ್ಕೂ ಸುಣ್ಣದ ಕಲ್ಲಿನ ದಾರಿಯೇ ನನಗೆ ಹೆಚ್ಚು ಇಷ್ಟ.

ನೆರೆಯ ತೆಲಂಗಾಣವು 2023ರಲ್ಲೇ ತಂಪು ಚಾವಣಿ ನೀತಿಯನ್ನು ಜಾರಿಗೆ ತಂದು, 2028ರೊಳಗೆ 300 ಚದರ ಕಿಲೋಮೀಟರ್ ಚಾವಣಿಯನ್ನು ತಂಪಾಗಿಸುವ ಗುರಿ ಇಟ್ಟುಕೊಂಡಿದೆ. ನಮ್ಮಲ್ಲಿ ನೀತಿಗೆ ಮೊದಲು ಪರೀಕ್ಷೆ ನಡೆಯಲಿ ಎಂಬುದು ನನ್ನ ಕೋರಿಕೆ. ಕಲಬುರಗಿ, ರಾಯಚೂರು ಜಿಲ್ಲೆಗಳ ಕೆಲವು ಅಂಗನವಾಡಿ, ಶಾಲೆ, ಆರೋಗ್ಯ ಕೇಂದ್ರಗಳನ್ನು ಆರಿಸಿ, ಕೆಲವಕ್ಕೆ ಜಕ್ಕೂರಿನ ಬಣ್ಣ, ಕೆಲವಕ್ಕೆ ಸುಣ್ಣದ ಕಲ್ಲಿನ ಬಣ್ಣ, ಕೆಲವಕ್ಕೆ ಬರೀ ಸುಣ್ಣ ಬಳಿದು, ಕೆಲವನ್ನು ಇದ್ದಂತೆಯೇ ಬಿಟ್ಟು, ಎರಡು ಬೇಸಿಗೆ ಮತ್ತು ನಡುವಿನ ಮಳೆಗಾಲದುದ್ದಕ್ಕೂ ಒಳಗಿನ ತಾಪವನ್ನೂ ಚಾವಣಿಯ ಬಿಳುಪನ್ನೂ ಅಳೆಯಿಸಿ, ಬಂದ ಅಂಕಿಗಳನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಮುಂದೆ ಟೆಂಡರ್ ಕರೆಯುವಾಗ ಕಂಪನಿಯ ಹೆಸರನ್ನಾಗಲಿ ಡಬ್ಬಿಯ ಮೇಲಿನ ಹೇಳಿಕೆಯನ್ನಾಗಲಿ ನೋಡದೆ, ಎರಡನೆಯ ಬೇಸಿಗೆಯ ಕೊನೆಗೆ ಉಳಿದ ಪ್ರತಿಫಲನವನ್ನೇ ಷರತ್ತಾಗಿಸಬೇಕು.

ಮಾರ್ಚ್‌ನ ಬಿಸಿಲಿಗೆ ಮೊದಲು ಬಣ್ಣ ಏರಬೇಕಾದರೆ ಕಟ್ಟಡಗಳ ಆಯ್ಕೆ ಈ ಮಳೆಗಾಲದಲ್ಲೇ ಮುಗಿಯಬೇಕು. ಆ ಬಗ್ಗೆ ನಿಮ್ಮ ಇಲಾಖೆಯ ಉತ್ತರವನ್ನು ಎದುರುನೋಡುತ್ತೇನೆ.

ವಿಶ್ವಾಸದಿಂದ,
ಕಲ್ಯಾಣ ಕರ್ನಾಟಕದ ಒಬ್ಬ ನಾಗರಿಕ